ರಜೆ ಅರ್ಜಿಯಲ್ಲಿ ಒಂದು ‘ಫಾರ್’

ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಭಾನುವಾರ ಸಂಜೆ ನಡೆದ ಮಾತು.

ನಾನು: (ಫೋಟೋ) ಇದು ಮಗಳ ರಜೆ ಅರ್ಜಿ. ಮುತ್ತಜ್ಜಿಯ ತಿಥಿಗೆ ಊರಿಗೆ ಹೋಗೋಕೆ ಅಂತ ನಾನೇ ಬರೆದುಕೊಟ್ಟು, ಅವಳ ಕೈಲಿ ನಕಲು ಮಾಡಿಸಿದ್ದೆ. ‘ಐ ರಿಕ್ವೆಸ್ಟ್ ಫಾರ್ ಟೂ ಡೇಸ್ ಲೀವ್’ ಅಂತಿದೆ ನೋಡಿ. ‘ಫಾರ್’ ಸುತ್ತ ಟೀಚರ್ ಕೆಂಪು ಸುತ್ತು ಹಾಕಿ ವಾಪಸ್ ಕಳಿಸಿದ್ದಾರೆ. ಏಳನೇ ಕ್ಲಾಸಿನ ಹುಡುಗಿ, ಎಲ್ಲರ ಮುಂದೆ ಪೆಚ್ಚಾಗಿ ಬಂದಿದ್ದಾಳೆ. ಇದರಲ್ಲಿ ತಪ್ಪೇನಿದೆ?

ದೊಡ್ಡಪ್ಪ: ಏನೂ ತಪ್ಪಿಲ್ಲಮ್ಮ. 34 ವರ್ಷ ಸರ್ಕಾರಿ ಕಚೇರಿಯಲ್ಲಿ ಗುಮಾಸ್ತನಾಗಿದ್ದೆ. ‘ರಿಕ್ವೆಸ್ಟ್ ಫಾರ್ ಲೀವ್’ ಅಂತ ನನ್ನ ಕೈಯಾರೆ ಎಷ್ಟು ಸಲ ಟೈಪ್ ಮಾಡಿದ್ದೀನೋ ಲೆಕ್ಕ ಇಲ್ಲ. ಯಾವ ಸಾಹೇಬರೂ ಹೊಡೆದುಹಾಕಲಿಲ್ಲ.

ಅತ್ತೆ: ಅಣ್ಣ, ನೀವು ಅದನ್ನ ಟೈಪ್ ಮಾಡ್ತಿದ್ದದ್ದು ಎಲ್ಲಿ? ‘ಸಬ್ಜೆಕ್ಟ್’ ಅಂತ ಹಾಕಿ, ಅದರ ಎದುರಿಗೆ ಅಲ್ವಾ?

ದೊಡ್ಡಪ್ಪ: ಹೌದು. ಅದಕ್ಕೇನೀಗ?

ಅತ್ತೆ: ಅಲ್ಲಿ ಸರಿ. ಅಲ್ಲಿ ‘ರಿಕ್ವೆಸ್ಟ್’ ಅನ್ನೋದು ನಾಮಪದ. ರಜೆಗಾಗಿ ಒಂದು ವಿನಂತಿ ಅಂತ ಅರ್ಥ. ಕೆಳಗೆ ‘ಐ ರಿಕ್ವೆಸ್ಟ್’ ಅಂದ ಕೂಡಲೇ ಅದೇ ಪದ ಕ್ರಿಯಾಪದ ಆಗುತ್ತೆ. ಆಗ ನೇರವಾಗಿ ಬೇಕಾದ್ದರ ಹೆಸರು ಬರಬೇಕು. ಇಲ್ಲಾಂದ್ರೆ ಯಾರನ್ನ ಕೇಳ್ತೀವೋ ಅವರು ಬರಬೇಕು, ‘ಐ ರಿಕ್ವೆಸ್ಟ್ ಯೂ ಟು ಗ್ರಾಂಟ್ ಮಿ ಲೀವ್’ ಅಂತ. ನಡುವೆ ‘ಫಾರ್’ಗೆ ಜಾಗ ಇಲ್ಲ. ‘ಡಿಮ್ಯಾಂಡ್’ ಕೂಡ ಹೀಗೇನೇ. ‘ಎ ಡಿಮ್ಯಾಂಡ್ ಫಾರ್ ವಾಟರ್’ ಸರಿ. ‘ದೇ ಡಿಮ್ಯಾಂಡೆಡ್ ಫಾರ್ ವಾಟರ್’ ತಪ್ಪು.

ನಾನು: ಹಾಗಾದ್ರೆ ‘ಆಸ್ಕ್ ಫಾರ್’ ಹೇಗೆ ಸರಿ ಅತ್ತೆ? ಎರಡರ ಅರ್ಥವೂ ಕೇಳೋದೇ ತಾನೇ?

ಅತ್ತೆ: ಇಡೀ ಗೊಂದಲ ಹುಟ್ಟೋದೇ ಅಲ್ಲಿಂದ. ‘ಆಸ್ಕ್’ಗೆ ನಮ್ಮ ‘ಕೇಳು’ ಹಾಗೆ ಎರಡು ಕೆಲಸ. ಪ್ರಶ್ನೆ ಕೇಳೋದಕ್ಕೂ ಅದೇ, ವಸ್ತು ಕೇಳೋದಕ್ಕೂ ಅದೇ. ಅಂಗಡಿಯಲ್ಲಿ ‘ಆಸ್ಕ್ ದ ಪ್ರೈಸ್’ ಅಂದ್ರೆ ಬೆಲೆ ಎಷ್ಟು ಅಂತ ವಿಚಾರಿಸೋದು. ‘ಆಸ್ಕ್ ಫಾರ್ ಸೋಪ್’ ಅಂದ್ರೆ ಸೋಪು ಕೊಡಿ ಅನ್ನೋದು. ವಸ್ತು ಬೇಕು ಅಂತ ತಿಳಿಸೋಕೆ ಅಲ್ಲಿ ‘ಫಾರ್’ ಬೇಕಾಗುತ್ತೆ. ‘ರಿಕ್ವೆಸ್ಟ್’ಗೆ ಕೊಡಿ ಅನ್ನೋ ಒಂದೇ ಕೆಲಸ. ಬೇಡಿಕೆ ಆ ಪದದ ಒಳಗೇ ಇದೆ. ಮಕ್ಕಳು ‘ಆಸ್ಕ್ ಫಾರ್’ ಕಲಿತಿರ್ತಾರೆ, ‘ಎ ರಿಕ್ವೆಸ್ಟ್ ಫಾರ್’ ಓದಿರ್ತಾರೆ. ಎರಡೂ ಸೇರಿ ‘ಐ ರಿಕ್ವೆಸ್ಟ್ ಫಾರ್’ ಆಗುತ್ತೆ. ‘ಡಿಸ್ಕಸ್ ಅಬೌಟ್’ ಕೂಡ ಹೀಗೇ ಬಂದದ್ದು. 28 ವರ್ಷ ಹೈಸ್ಕೂಲಿನಲ್ಲಿ ಇವೆರಡನ್ನೇ ತಿದ್ದಿ ತಿದ್ದಿ ಕೈ ಸೋತಿತ್ತು.

ದೊಡ್ಡಪ್ಪ: ವ್ಯಾಕರಣ ಇರಲಿ. ‘ಐ ರಿಕ್ವೆಸ್ಟ್ ಲೀವ್’ ಅಂದ್ರೆ ಒರಟಾಗಿ ಕೇಳುತ್ತೆ. ಮೇಲಿನವರಿಗೆ ಬರೆಯುವಾಗ ಒಂದಿಷ್ಟು ನಯ ಬೇಡವಾ? ‘ಫಾರ್’ ಇದ್ದರೆ ಮಾತು ಮೆತ್ತಗಾಗುತ್ತೆ.

ಭಾವ: ದೊಡ್ಡಪ್ಪ, ಕೋರ್ಟಿನ ಮಾತು ಹೇಳಲಾ? ದಾವೆಯ ಕೊನೆಗೆ ‘ಪ್ರೇಯರ್’ ಅಂತ ಒಂದು ಭಾಗ ಇರುತ್ತೆ. ನಮಗೆ ಏನೇನು ಪರಿಹಾರ ಬೇಕು ಅಂತ ಅಲ್ಲೇ ಬರೆಯೋದು. ‘ಪ್ರೇಸ್ ಫಾರ್ ಎ ಡಿಕ್ರೀ’ ಅಂತೀವಿ. ಅದಕ್ಕೆ ‘ಫಾರ್’ ಬೇಕು. ‘ಅಪ್ಲೈ’, ‘ಅಪೀಲ್’, ಇವಕ್ಕೂ ಬೇಕು. ‘ಸೀಕ್’ ಅಂದ್ರೆ ಬೇಡ, ‘ಸೀಕ್ಸ್ ಲೀವ್ ಆಫ್ ದ ಕೋರ್ಟ್’ ಅಷ್ಟೇ. ಇಲ್ಲಿ ‘ಲೀವ್’ ಅಂದ್ರೆ ರಜೆ ಅಲ್ಲ, ಅನುಮತಿ. ಅದರಲ್ಲಿ ವಿನಯ ಕಡಿಮೆ ಅಂತ ಯಾವ ಜಡ್ಜೂ ಹೇಳಿಲ್ಲ.

ತಮ್ಮ: ಸಿಂಗಾಪುರದಿಂದ ನನ್ನದೂ ಒಂದು ಮಾತು. ಇಲ್ಲಿ ನಮ್ಮ ಆಫೀಸಲ್ಲಿ ಎಲ್ಲರೂ ‘ರಿಕ್ವೆಸ್ಟ್ ಫಾರ್’ ಅಂತಲೇ ಬರೀತಾರೆ. ಯಾರಿಗೂ ಅರ್ಥ ಆಗದೆ ಉಳಿದಿಲ್ಲ. ಜನ ಬಳಸಿದ್ದೇ ಭಾಷೆ. ಈಗ ಅಮೆರಿಕದಲ್ಲಿ ‘ಆಸ್ಕ್’ಗೆ ‘ಆಕ್ಸ್’ ಅಂದ್ರೆ ಓದಿಲ್ಲದವನು ಅಂತ ನಗ್ತಾರೆ. ಕರಿಯ ಜನಾಂಗದವರು ಆಡೋ ಮಾತು ಅಂತ ಕೀಳಾಗಿ ನೋಡ್ತಾರೆ. ಆದ್ರೆ 1535ರಲ್ಲಿ ಕವರ್ಡೇಲ್ ಅಚ್ಚು ಹಾಕಿಸಿದ ಇಂಗ್ಲಿಷ್ ಬೈಬಲ್ ತೆಗೆದು ನೋಡಿ. ಮತ್ತಾಯನ ಸುವಾರ್ತೆಯಲ್ಲಿ ‘ಕೇಳಿರಿ, ನಿಮಗೆ ಕೊಡಲಾಗುವುದು’ ಅನ್ನೋ ಕಡೆ ‘ಆಕ್ಸ್’ ಅಂತಲೇ ಇದೆ. ಅದಕ್ಕೂ ಮುಂಚೆ ಇಂಗ್ಲಿಷ್ ಕವಿ ಚಾಸರ್ ಕೂಡ ಹಾಗೇ ಬರೆದಿದ್ದಾನೆ. ಅವತ್ತು ಸರಿ, ಇವತ್ತು ತಪ್ಪು. ಈ ‘ಫಾರ್’ ನಾಳೆ ಸರಿ ಆಗಬಹುದು.

ಅತ್ತೆ: ಆಗಬಹುದು ಕಣೋ. ‘ಆಕ್ಸ್’ ಅನ್ನೋರನ್ನ ನೋಡಿ ನಗೋದು ತಪ್ಪು, ಅದನ್ನ ನಾನೂ ಒಪ್ತೀನಿ. ಆದ್ರೆ ಮಗು ಪರೀಕ್ಷೆ ಬರೆಯೋದು ಇವತ್ತಿನ ನಿಯಮದಲ್ಲಿ. ಇವತ್ತಿನ ಡಿಕ್ಷನರಿಯಲ್ಲಿ ಇರೋದನ್ನ ಹೇಳಿಕೊಡದೆ ಸುಮ್ನೆ ಬಿಟ್ಟರೆ ನಾಳೆ ಅಂಕ ಕಳ್ಕೊಳ್ಳೋದು ಅವಳೇ.

ನಾನು: ಒಂದು ನಿಮಿಷ. ಅತ್ತೆ ಹೇಳಿದ್ದು ಓದಿ ನನಗೊಂದು ಹೊಳೀತು. ಹೋದ ತಿಂಗಳು ಪಂಚಾಯ್ತಿಗೆ ನಲ್ಲಿ ಸಂಪರ್ಕಕ್ಕೆ ಅರ್ಜಿ ಕೊಟ್ಟಿದ್ದೆ. ಅದರ ನಕಲು ಈಗ ಕೈಲಿದೆ. ‘ವಿಷಯ: ಹೊಸ ನಲ್ಲಿ ಸಂಪರ್ಕ ಕೋರಿ’ ಅಂತ ಬರೆದಿದ್ದೀನಿ. ‘ಸಂಪರ್ಕಕ್ಕಾಗಿ ಕೋರಿ’ ಅಂತ ಬರೆದಿಲ್ಲ. ಯಾರೂ ಹೇಳಿಕೊಡದೆಯೇ ಕೈ ಹಾಗೆ ಬರೀತು. ರಜೆಗಾಗಿ ಅರ್ಜಿ ಅಂತೀವಿ, ಆದ್ರೆ ರಜೆ ಕೇಳ್ತೀವಿ. ಸಾಲಕ್ಕಾಗಿ ಮನವಿ ಅಂತೀವಿ, ಆದ್ರೆ ಸಾಲ ಕೇಳ್ತೀವಿ. ಹೆಸರಿನ ಪದಕ್ಕೆ ‘ಗಾಗಿ’ ಬೇಕು, ಕೆಲಸದ ಪದಕ್ಕೆ ಬೇಡ. ‘ರಿಕ್ವೆಸ್ಟ್’ ಕೂಡ ಹಾಗೇ ಅಲ್ವಾ? ಟೀಚರ್ ಬರೀ ಸುತ್ತು ಹಾಕೋ ಬದಲು ಈ ಒಂದು ಮಾತು ಹೇಳಿದ್ದರೆ ಮಗಳು ಅಳ್ತಾ ಬರ್ತಿರಲಿಲ್ಲ.

ಅತ್ತೆ: ಅಷ್ಟು ವರ್ಷ ಪಾಠ ಮಾಡಿದರೂ ನಾನು ಹೀಗೆ ಹೇಳಿಕೊಟ್ಟಿರಲಿಲ್ಲ. ‘ರಜೆ ಕೋರಿ’. ಚೆನ್ನಾಗಿ ಹಿಡಿದೆ ಕಣೇ.

ದೊಡ್ಡಪ್ಪ: ನಯದ ವಿಷಯ ನಾನು ಬಿಡೋದಿಲ್ಲ. ‘ಯೂ ಆರ್ ರಿಕ್ವೆಸ್ಟೆಡ್’ ಅಂತ ಮೇಲಿಂದ ಮೆಮೋ ಬಂದ್ರೆ ಅದು ಆಜ್ಞೆ. ನಾವು ‘ಐ ರಿಕ್ವೆಸ್ಟ್’ ಅಂದ್ರೆ ಅದು ಬೇಡಿಕೆ. ಪದ ಒಂದೇ, ತೂಕ ಬೇರೆ. ಕೆಳಗಿದ್ದವನಿಗೆ ಮಾತ್ರ ಗೊತ್ತು ಅದು.

ಭಾವ: ಇದು ಸತ್ಯ ದೊಡ್ಡಪ್ಪ. ‘ಸಾರ್ವಜನಿಕರು ಸಹಕರಿಸಲು ಕೋರಲಾಗಿದೆ’ ಅನ್ನೋದೂ ಅದೇ ಅಲ್ವಾ. ಸಹಕರಿಸದೆ ನೋಡಿ, ಏನಾಗುತ್ತೆ ಅಂತ.

ಅತ್ತೆ: ಆ ತೂಕ ಪದದಲ್ಲೇ ಇದೆ ಅಣ್ಣ. ನಯ ಜಾಸ್ತಿ ಬೇಕಾದ್ರೆ ‘ಕೈಂಡ್ಲಿ’ ಇದೆ, ‘ಐ ಶಲ್ ಬಿ ಗ್ರೇಟ್‌ಫುಲ್’ ಇದೆ. ‘ಫಾರ್’ಗೆ ಆ ಕೆಲಸ ಕೊಡಬೇಡಿ.

(ಇಲ್ಲಿ ಮುಕ್ಕಾಲು ಗಂಟೆ ಯಾರೂ ಏನೂ ಹಾಕಲಿಲ್ಲ.)

ದೊಡ್ಡಪ್ಪ: (ಫೋಟೋ) ನಿಮ್ಮ ದೊಡ್ಡಮ್ಮ ಟ್ರಂಕಿನಿಂದ ತೆಗೆದುಕೊಟ್ಟಳು. ನಮ್ಮ ಮದುವೆ ಕರೆಯೋಲೆ, 1979. ಅರಿಶಿನದ ಗುರುತು ಮೂಲೆಯಲ್ಲಿ ಹಾಗೇ ಇದೆ. ಒಂದು ಮಗ್ಗುಲು ಕನ್ನಡ, ಒಂದು ಮಗ್ಗುಲು ಇಂಗ್ಲಿಷ್. ಕನ್ನಡದಲ್ಲಿ ‘ತಮ್ಮ ಆಗಮನವನ್ನು ಕೋರುವ’ ಅಂತಿದೆ. ಇಂಗ್ಲಿಷಿನಲ್ಲಿ ‘ರಿಕ್ವೆಸ್ಟ್ ದ ಪ್ಲೆಷರ್ ಆಫ್ ಯುವರ್ ಕಂಪನಿ’ ಅಂತಿದೆ. ಎರಡರಲ್ಲೂ ‘ಫಾರ್’ ಇಲ್ಲ. ಪ್ರೂಫ್ ನೋಡಿದ್ದು ನಮ್ಮ ತಂದೆ. ಒರಟಾಗಿ ಕೇಳಿಸ್ತಿಲ್ಲ.

ಅತ್ತೆ: ಅಪ್ಪನ ಅಕ್ಷರದಲ್ಲಿ ಹಿಂದೆ ಏನೋ ಬರೆದಿದೆಯಲ್ಲ ಅಣ್ಣ?

ದೊಡ್ಡಪ್ಪ: ಯಾರ್ಯಾರಿಗೆ ಕೊಡಬೇಕು ಅನ್ನೋ ಪಟ್ಟಿ. ಮೊದಲ ಹೆಸರು ನಿನ್ನ ಹೆಡ್‌ಮೇಷ್ಟ್ರದು.

ನಾನು: (ಫೋಟೋ) ಸೋಮವಾರಕ್ಕೆ ಹೊಸ ಅರ್ಜಿ. ಈ ಸಲ ಅವಳೇ ಬರೆದಳು. ‘ಐ ರಿಕ್ವೆಸ್ಟ್ ಯೂ ಟು ಗ್ರಾಂಟ್ ಮಿ ಟೂ ಡೇಸ್ ಲೀವ್.’

ಅತ್ತೆ: ‘ಡೇಸ್’ ಕೊನೆಗೆ ಅಪಾಸ್ಟ್ರಫಿ ಕೂಡ ಹಾಕಿದ್ದಾಳೆ! ಎರಡು ದಿನದ ರಜೆ, ಅಲ್ಲಿ ಅದು ಬೇಕೇ ಬೇಕು. ನಾನು ಹೇಳಿರಲಿಲ್ಲ. ನೀನು ಹೇಳಿದೆಯಾ?

ನಾನು: ಇಲ್ಲ ಅತ್ತೆ. ಆಗಲೇ ದೊಡ್ಡಪ್ಪ ಅವಳಿಗೆ ಫೋನ್ ಮಾಡಿದ್ರು.