ಸಹಾಯ ಬೇಕು: ಲ್ಯಾಪ್‌ಟಾಪ್ ಸ್ಕ್ರೀನ್ ಗಾಜಿನ ಹಾಗೆ ಕಾಣಬೇಕು, ಹಿಂದಿನ ಕಿಟಕಿ ಸರಳು ಕೂಡುತ್ತಿಲ್ಲ

ನಮಸ್ಕಾರ. ಸ್ಕ್ರೀನ್ ಹಿಂದಿರುವ ಗೋಡೆ, ಗಿಡ ಎಲ್ಲ ಸ್ಕ್ರೀನಿನ ಮೂಲಕವೇ ಕಾಣುವ ಹಾಗೆ ವಾಲ್‌ಪೇಪರ್ ಮಾಡುತ್ತಾರಲ್ಲ, 2005ರ ಸುಮಾರಿಗೆ ಫ್ಲಿಕರ್ ಅನ್ನೋ ಫೋಟೋ ಸೈಟ್‌ನಲ್ಲಿ ಜನ ಹಾಕುತ್ತಿದ್ದರು, ಅದನ್ನು ಮಗಳಿಗೆ ಮಾಡಿ ತೋರಿಸೋಣ ಅಂತ ಕೂತೆ. ಮೂರು ಸಂಜೆ ಹೋಯಿತು.

ಲ್ಯಾಪ್‌ಟಾಪ್ ಎತ್ತಿಟ್ಟು, ಕುರ್ಚಿಯಲ್ಲಿ ಕೂತು, ಕಣ್ಣಿನ ಎತ್ತರಕ್ಕೇ ಮೊಬೈಲ್ ಹಿಡಿದು ಹಿಂದಿನ ಕಿಟಕಿಯ ಫೋಟೋ ತೆಗೆದೆ. ಅದನ್ನು ಸ್ಕ್ರೀನಿನ ಅಳತೆಗೆ (1920×1080 ಪಿಕ್ಸೆಲ್) ಕತ್ತರಿಸಿ ಹಾಕಿದರೆ ಕಿಟಕಿ ಸರಳುಗಳು ಹೊರಗೆ ದಪ್ಪ, ಸ್ಕ್ರೀನ್ ಒಳಗೆ ಕಡ್ಡಿ! ಮೊಬೈಲ್ ಲೆನ್ಸ್ ಅಗಲ ನೋಟದ್ದು, ಜಾಸ್ತಿ ಜಾಗ ಹಿಡಿದಿದೆ ಅಂತ ಆಮೇಲೆ ಹೊಳೆಯಿತು. ಇನ್ನಷ್ಟು ಬಿಗಿಯಾಗಿ ಕತ್ತರಿಸಿದ ಮೇಲೆ ಅಳತೆ ಸರಿಹೋಯಿತು. ಆದರೆ ಮೇಲೆ ಕೂಡಿದರೆ ಕೆಳಗೆ ಕೂಡುವುದಿಲ್ಲ. ಸ್ಕ್ರೀನ್ ಹಿಂದಕ್ಕೆ ವಾಲಿರುವುದೇ ಕಾರಣ, ಅಲ್ವಾ?

ಈಗ ಅಂದುಕೊಂಡಿರುವುದು ಇಷ್ಟು: ಟ್ರೈಪಾಡ್ ಅಲ್ಲಾಡಿಸದೆ ಲ್ಯಾಪ್‌ಟಾಪ್ ಇಟ್ಟು ಒಂದು ಫೋಟೋ, ಅದನ್ನು ಪಕ್ಕಕ್ಕಿಟ್ಟು ಇನ್ನೊಂದು ಫೋಟೋ. ಎರಡನ್ನೂ ಗಿಂಪ್ ಅನ್ನೋ ಫೋಟೋ ತಿದ್ದುವ ಸಾಫ್ಟ್‌ವೇರ್‌ನಲ್ಲಿ ಒಂದರ ಮೇಲೊಂದು ಇಟ್ಟು, ಸ್ಕ್ರೀನಿನ ನಾಲ್ಕು ಮೂಲೆ ಗುರುತಿಸಿ, ಪರ್ಸ್‌ಪೆಕ್ಟಿವ್ ಟೂಲ್‌ನಿಂದ ಆ ಭಾಗವನ್ನು ನೇರ ಆಯತ ಮಾಡುವುದು. ಯಾರಾದರೂ ಹೀಗೆ ಮಾಡಿದ್ದೀರಾ? ಆ ಟೂಲ್‌ನಲ್ಲಿ ಕರೆಕ್ಟಿವ್ (ಓರೆಯಾದದ್ದನ್ನು ನೇರ ಮಾಡುವ) ಆಯ್ಕೆಯೇ ತಾನೇ ಬೇಕಾಗಿರುವುದು?

ಇನ್ನೊಂದು, ಫೋಟೋದ ಬಣ್ಣ ಸ್ಕ್ರೀನಿನಲ್ಲಿ ನೀಲಿ ಹೊಡೆಯುತ್ತಿದೆ. ಸ್ಕ್ರೀನಿನ ಬಣ್ಣ ಬದಲಿಸುವ ನೈಟ್ ಲೈಟ್ ಆಫ್ ಇದೆ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬಿಳಿ ಬಿಳಿಯಾಗಿಯೇ ಕಾಣಲು ಬಣ್ಣ ಹೊಂದಿಸುವುದು) ಲಾಕ್ ಮಾಡಿ ತೆಗೆಯಬೇಕಾ, ಆಮೇಲೆ ತಿದ್ದಿದರೆ ಸಾಕಾ?

ತಲೆ ಸ್ವಲ್ಪ ಸರಿಸಿದರೂ ಮೋಡಿ ಮುರಿಯುತ್ತೆ, ಅದು ಗೊತ್ತು. ಒಂದೇ ಜಾಗದಿಂದ ಸರಿ ಕಂಡರೆ ಸಾಕು, ಮಗಳನ್ನು ಅಲ್ಲೇ ಕೂರಿಸುತ್ತೇನೆ.