ಡಿಇಎಚ್‌ಪಿ ಹಾಕದ ಡ್ರಿಪ್ ಟ್ಯೂಬ್‌ನಲ್ಲೂ 149ರ ಪೀಕ್, ಸಹಾಯ ಬೇಕು

ಪೀಕ್_ಪೇಚಾಟ:
ಮೂರು ವಾರದಿಂದ ತಲೆ ಕೆಟ್ಟಿದೆ. ಎಳೆ ಕೂಸುಗಳಿಗೆ ಹಾಕುವ ಡ್ರಿಪ್ ಸೆಟ್‌ನ ಪಿವಿಸಿ ಟ್ಯೂಬ್ ಇದು. ಮೆದು ಮಾಡಲು ಡಿಇಎಚ್‌ಪಿ ಎಂಬ ಎಣ್ಣೆಯ ಬದಲು ಟಿಒಟಿಎಂ ಎಂಬ ಇನ್ನೊಂದು ಎಣ್ಣೆ ಹಾಕಿದ್ದಾರೆ. ಹೆಕ್ಸೇನ್ ದ್ರಾವಕದಲ್ಲಿ 50 ಡಿಗ್ರಿ, 72 ಗಂಟೆ ಇಟ್ಟು, ಅದರಲ್ಲಿ ಇಳಿದ ರಾಸಾಯನಿಕಗಳನ್ನು ಚೂರುಗಳ ತೂಕದಿಂದ ಗುರುತಿಸುವ ಜಿಸಿ-ಎಂಎಸ್ ಯಂತ್ರಕ್ಕೆ ಹಾಕಿದರೆ 149, 167, 279 ತೂಕದ ಪೀಕ್‌ಗಳು ಮೂರೂ ಎದ್ದು ನಿಲ್ಲುತ್ತವೆ. ಡಿಇಎಚ್‌ಪಿನೇ ಅದು. ಬ್ಲ್ಯಾಂಕ್ (ಟ್ಯೂಬ್ ಹಾಕದ ಬರೀ ಹೆಕ್ಸೇನ್) ಕ್ಲೀನ್ ಇದೆ. ಏನು ಮಾಡಲಿ?

ಗಾಜಿನ_ವಯಲ್:
ಇಂಜೆಕ್ಟರ್ ಸೆಪ್ಟಮ್ (ಸೂಜಿ ಚುಚ್ಚುವ ಕಡೆಯ ರಬ್ಬರ್ ಬಿಲ್ಲೆ) ಬದಲಿಸಿ.

ಪೀಕ್_ಪೇಚಾಟ:
ನಿನ್ನೆಯೇ ಬದಲಿಸಿದೆ. ಪೀಕ್ ಹಾಗೇ ಇದೆ.

ಗಾಜಿನ_ವಯಲ್:
ಹಾಗಾದರೆ ವಯಲ್ ಮುಚ್ಚಳದ ಸೆಪ್ಟಮ್. ಅದೇ ಇರಬೇಕು, ನನಗೂ ಹೀಗೇ ಆಗಿತ್ತು.

ಹಳೇಕೈ:
ಸಾರ್, ಸೆಪ್ಟಮ್ ಅಂದರೆ ಸಿಲಿಕೋನ್. ಅದರದ್ದಾಗಿದ್ದರೆ 73, 207, 281 ಕಾಣಬೇಕಿತ್ತು.

ಅಳತೆಪಟ್ಟಿ:
ಒಂದು ಎಂಎಲ್‌ಗೆ ಎಷ್ಟು ಚದರ ಸೆಂ.ಮೀ. ಟ್ಯೂಬ್ ಹಾಕಿದ್ರಿ?

ಪೀಕ್_ಪೇಚಾಟ:
6.

ಅಳತೆಪಟ್ಟಿ:
ಟ್ಯೂಬ್‌ನ ಗೋಡೆ 0.5 ಮಿ.ಮೀ.ಗಿಂತ ದಪ್ಪ ಇದ್ದರೆ 3 ಸಾಕು. ವೈದ್ಯಕೀಯ ಸಾಧನಗಳ ಸ್ಯಾಂಪಲ್ ತಯಾರಿಯ ಮಾನದಂಡ ಐಎಸ್‌ಒ 10993-12 ತೆಗೆದು ನೋಡಿ.

ಹಳೇಕೈ:
ತೆಳು ಇದ್ದರೆ 6 ಸರಿ. ಪೀಕ್ ಎಲ್ಲಿಂದ ಬಂತು ಅನ್ನುವುದಕ್ಕೆ ಇದು ಉತ್ತರ ಅಲ್ಲ.

ಅಳತೆಪಟ್ಟಿ:
ಅಳತೆಯೇ ತಪ್ಪಿದರೆ ರಿಪೋರ್ಟ್ ನಿಲ್ಲುವುದಿಲ್ಲ.

ಹಳೇಕೈ:
ಬ್ಲ್ಯಾಂಕ್ ಹೇಗೆ ಮಾಡಿದ್ರಿ? ಬಾಟಲಿಯ ಹೆಕ್ಸೇನ್ ನೇರವಾಗಿ ಹಾಕಿದ್ರಾ?

ಪೀಕ್_ಪೇಚಾಟ:
ಹೌದು. ಸ್ಯಾಂಪಲ್ ಮಾತ್ರ ನೈಟ್ರೋಜನ್ ಊದಿ 10 ಎಂಎಲ್‌ನಿಂದ 1ಕ್ಕೆ ಇಳಿಸುತ್ತೇನೆ.

ಹಳೇಕೈ:
ಇದನ್ನು ಮೊದಲೇ ಹೇಳಬೇಕಿತ್ತು ಅಲ್ವಾ! ಸಿಲಿಂಡರ್‌ನಿಂದ ಬರುವ ಪೈಪ್ ಯಾವುದು?

ಪೀಕ್_ಪೇಚಾಟ:
ಈಗ ಹೋಗಿ ನೋಡಿದೆ. ಮೆತ್ತನೆಯ ಪಾರದರ್ಶಕ ಪೈಪ್. ತುದಿ ಹಳದಿಯಾಗಿದೆ, ಮುಟ್ಟಿದರೆ ಬೆರಳಿಗೆ ಜಿಡ್ಡು ಹತ್ತುತ್ತದೆ.

ಹಳೇಕೈ:
ಪಿವಿಸಿ ಇರಬೇಕು. ಮೆದು ಮಾಡುವ ಎಣ್ಣೆ ಪ್ಲಾಸ್ಟಿಕ್‌ಗೆ ಗಟ್ಟಿಯಾಗಿ ಅಂಟಿಕೊಂಡಿರುವುದಿಲ್ಲ, ಸುಮ್ನೆ ಹೊರಗೆ ಬರುತ್ತದೆ. ಟ್ಯೂಬ್ ಹಾಕದೆ ಹೆಕ್ಸೇನ್ ಒಂದನ್ನೇ ಅದೇ 72 ಗಂಟೆ ಇಟ್ಟು, ಅದೇ ಪೈಪ್‌ನಿಂದ ಊದಿ. ಆಮೇಲೆ ಟೆಫ್ಲಾನ್ ಪೈಪ್ ಹಾಕಿ ಇನ್ನೊಮ್ಮೆ. ವಿನೈಲ್ ಗ್ಲೌಸ್ ಬೇಡ, ಅದೂ ಪಿವಿಸಿಯೇ. ಸ್ಯಾಂಪಲ್‌ನ ಲೆಕ್ಕದಿಂದ ಬ್ಲ್ಯಾಂಕ್‌ನದ್ದನ್ನು ಕಳೆದು ಅಷ್ಟಕ್ಕೇ ಮುಗಿಸಬೇಡಿ ದಯವಿಟ್ಟು. ಟಿಒಟಿಎಂನಲ್ಲೇ ಚೂರು ಡಿಇಎಚ್‌ಪಿ ಬೆರೆತಿರಬಹುದು. ಗಂಡು ಕೂಸುಗಳ ವಿಷಯದಲ್ಲಿ ಅಮೆರಿಕದ ಎಫ್‌ಡಿಎ 2002ರಲ್ಲೇ ಡಿಇಎಚ್‌ಪಿ ಬಗ್ಗೆ ಎಚ್ಚರಿಸಿತ್ತು.

ಪೀಕ್_ಪೇಚಾಟ (ಎಂಟು ದಿನದ ನಂತರ):
ಹಳೇ ಪೈಪ್‌ನ ಬ್ಲ್ಯಾಂಕ್‌ನಲ್ಲಿ 149 ಬಂತು. ಟೆಫ್ಲಾನ್ ಹಾಕಿದ ಮೇಲೆ ಇಲ್ಲ. ಟ್ಯೂಬ್‌ನ ಪೀಕ್ ತುಂಬಾ ಇಳಿದಿದೆ, ಆದರೆ ಪೂರ್ತಿ ಹೋಗಿಲ್ಲ. ತಯಾರಕರಿಂದ ಟಿಒಟಿಎಂ ಸ್ಯಾಂಪಲ್ ಕೇಳಿದ್ದೇನೆ. ಸಾರ್, ತುಂಬಾ ಥ್ಯಾಂಕ್ಸ್.

ಅಳತೆಪಟ್ಟಿ:
ಗೋಡೆ ದಪ್ಪ ಎಷ್ಟು?