ಪದಚರ್ಚೆ: ಸಬ್‌ಮರೀನಿನ ‘ಬ್ಯಾಲಸ್ಟ್ ಟ್ಯಾಂಕ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ. ತುಂಬಾ ಅರ್ಜೆಂಟು. ಡಿಸೆಂಬರ್ 8ಕ್ಕೆ ಹಾಸನದ ನಮ್ಮ ಶಾಲೆಯಲ್ಲಿ ವಿಜ್ಞಾನ ಪ್ರದರ್ಶನ. 1967ರಲ್ಲಿ ಭಾರತದ ಮೊದಲ ಸಬ್‌ಮರೀನ್ ಐಎನ್‌ಎಸ್ ಕಲ್ವರಿ ನೌಕಾಪಡೆ ಸೇರಿದ ದಿನ ಅದು. ಎಂಟನೇ ಕ್ಲಾಸಿನ ಮಕ್ಕಳು ಸಬ್‌ಮರೀನ್ ಮಾದರಿ ಮಾಡಿದ್ದಾರೆ. ಮುಳುಗಲು ನೀರು ತುಂಬಿಸಿ, ಏಳಲು ಖಾಲಿ ಮಾಡುವ ತೊಟ್ಟಿಯೇ ಬ್ಯಾಲಸ್ಟ್ ಟ್ಯಾಂಕ್. ಬೋರ್ಡ್ ಬರೆಯುವವರು ನಾಳೆ ಸಂಜೆ ಬರುತ್ತಾರೆ. ಯಾರೋ ನಿಘಂಟಿನಲ್ಲಿ ಬ್ಯಾಲಸ್ಟ್ ಅಂದರೆ ಜಲ್ಲಿ ಅಂತ ನೋಡಿ ‘ಜಲ್ಲಿ ತೊಟ್ಟಿ’ ಎಂದು ಬರೆದುಕೊಟ್ಟಿದ್ದಾರೆ. ಅದು ಅರಸೀಕೆರೆ ಜಂಕ್ಷನ್ನಿನ ಹಳಿ ಕೆಳಗಿನ ಜಲ್ಲಿ ಅಲ್ವಾ? ‘ಮುಳುಗು ತೊಟ್ಟಿ’ ಆಗಬಹುದಾ?

ಉತ್ತರ 1:
ಜಲ್ಲಿ ಬೇಡವೇ ಬೇಡ. ‘ತೂಬುತೊಟ್ಟಿ’ ಅನ್ನಿ. ಕೆರೆಯ ತೂಬು ನಮ್ಮ ಸೀಮೆಯ ಮಾತು. ಎತ್ತಿದರೆ ನೀರು, ಇಳಿಸಿದರೆ ಇಲ್ಲ. ಇಷ್ಟು ಒಳ್ಳೆ ಪದ ಇರುವಾಗ ಇಂಗ್ಲಿಷಿನ ಹಂಗೇಕೆ?

ಉತ್ತರ 2:
ತೂಬು ಇಲ್ಲಿ ಹೊಂದಲ್ಲ ಸರ್. ಅನೇಕ ಸಬ್‌ಮರೀನುಗಳಲ್ಲಿ ಈ ತೊಟ್ಟಿಯ ತಳದ ಕಿಂಡಿಗಳು ಸದಾ ತೆರೆದೇ ಇರುತ್ತವೆ. ಮುಚ್ಚಿ ತೆಗೆಯುವುದು ಮೇಲಿನ ಗಾಳಿಕಿಂಡಿ. ಹಂಡೆ ನೀರಿಗೆ ಖಾಲಿ ಚೊಂಬನ್ನು ಬೋರಲು ಹಾಕಿ ಒತ್ತಿ ನೋಡಿ. ಬಾಯಿ ತೆರೆದೇ ಇದೆ, ಆದರೂ ತುಂಬಲ್ಲ. ಒಳಗೆ ಗಾಳಿ ಕೂತಿದೆ. ಸ್ವಲ್ಪ ಓರೆ ಮಾಡಿ, ಗುಳುಗುಳು ಅಂತ ಗಾಳಿ ಹೊರಬಂದು ಚೊಂಬು ತುಂಬುತ್ತದೆ. ಮುಳುಗುವುದು ಹೀಗೆ. ಏಳುವಾಗ ಗಾಳಿಕಿಂಡಿ ಮುಚ್ಚಿ, ಸಿಲಿಂಡರುಗಳಲ್ಲಿ ಒತ್ತಿ ತುಂಬಿದ ಗಾಳಿ ಬಿಡುತ್ತಾರೆ. ನೀರು ಅದೇ ತಳದ ಕಿಂಡಿಯಿಂದ ಹೊರಗೆ.

ಕಿಂಡಿ ತೆರೆದಿರುವುದರಿಂದ ಇನ್ನೊಂದು ಲಾಭ. ತೊಟ್ಟಿಯ ಒಳಗೂ ಹೊರಗೂ ಒಂದೇ ಒತ್ತಡ, ಹಾಗಾಗಿ ಹೊರಗೋಡೆ ತೀರಾ ದಪ್ಪ ಬೇಕಿಲ್ಲ. ಪ್ರತಿ 10 ಮೀಟರ್ ಆಳಕ್ಕೆ ಒಂದು ವಾತಾವರಣದಷ್ಟು (ಅಂದರೆ ನೆಲದ ಮೇಲಿನ ಗಾಳಿಯ ಒತ್ತಡದಷ್ಟು) ಏರುವ ಒತ್ತಡವನ್ನು ತಡೆಯುವುದು ಜನ ಇರುವ ಒಳಗಿನ ದುಂಡು ಒಡಲು.

‘ಮುಳುಗು ತೊಟ್ಟಿ’ ಅರ್ಧ ಮಾತು. ಏಳುವುದೂ ಅದರಿಂದಲೇ. ಹಾಯಿ ಹಡಗಿನವರು ಬ್ಯಾಲಸ್ಟ್ ಅಂತ ತಳಕ್ಕೆ ಕಲ್ಲು, ಮರಳು ತುಂಬುತ್ತಿದ್ದದ್ದು ಭಾರಕ್ಕೇ. ‘ಭಾರದ ತೊಟ್ಟಿ’ ಸಾಕು. ಇನ್ನು ಟ್ಯಾಂಕ್ ಪದದ ಮೇಲೆ ಸುಮ್ನೆ ಸಿಟ್ಟು ಬೇಡ. ಗುಜರಾತಿ, ಮರಾಠಿಯ ‘ಟಾಂಕಿ’ಯ ಕಡೆಯಿಂದಲೇ ಅದು ಇಂಗ್ಲಿಷಿಗೆ ಹೋಗಿರಬೇಕು ಎಂದು ನಿಘಂಟುಗಳು ಹೇಳುತ್ತವೆ.

ಉತ್ತರ 1:
ತೂಬು ಬಿಟ್ಟೆ. ಗಾಳಿಕಿಂಡಿ ಚೆನ್ನಾಗಿದೆ. ಆದರೆ ‘ಭಾರ’ ಸಂಸ್ಕೃತ. ‘ಹೊರೆತೊಟ್ಟಿ’ ಮಾಡಿ.

ಉತ್ತರ 2:
ಹೊರೆ ಎಂದರೆ ಸೌದೆ ಹೊರೆ, ಹುಲ್ಲಿನ ಹೊರೆ. ಭಾರ ನಮ್ಮ ಅಜ್ಜಿಯ ಬಾಯಲ್ಲೂ ಇತ್ತು. ಅದನ್ನು ಪರಕೀಯ ಅನ್ನುವುದನ್ನು ನಾನು ಒಪ್ಪಲ್ಲ. ಮೇಡಂ, ಬೋರ್ಡಿಗೆ ಹೀಗೆ ಕೊಡಿ: ‘ಭಾರದ ತೊಟ್ಟಿ. ಗಾಳಿ ಹೊರಬಿಟ್ಟರೆ ನೀರು ತುಂಬಿ ಮುಳುಗುತ್ತದೆ. ಗಾಳಿ ತುಂಬಿದರೆ ನೀರು ಹೊರಹೋಗಿ ಏಳುತ್ತದೆ.’ ಪಕ್ಕದಲ್ಲೇ ಒಂದು ಬಕೆಟ್, ಒಂದು ಚೊಂಬು ಇಡಿ.